ಜಿದ್ದಾ: ನಲ್ವತ್ತರ ಲೆಕ್ಕಕ್ಕೆ ಸೇರದ ಪ್ರಯಾಣಿಕರು

ಮೊನ್ನೆ ಬೆಳಗ್ಗೆ ಮದ್ರಸ ಬಿಟ್ಟು ಮಕ್ಕಳೆಲ್ಲ ಶಾಲೆಗೆ ಓಡಿದ ಮೇಲೆ ಒಬ್ಬರು ತಂದೆ ಬಂದು ಜಗಲಿಯಲ್ಲಿ ಕುಳಿತರು. "ಉಸ್ತಾದರೇ, ಮಗನಿಗೆ ಜಿದ್ದಾದ ವೀಸಾ ಆಯಿತು. ಒಂದು ದುಆ ಮಾಡಬೇಕು" ಎಂದರು. ಹುಡುಗ ಏಳನೇ ತರಗತಿಯವರೆಗೆ ನನ್ನ ಹತ್ತಿರವೇ ಕಲಿತವನು. ದುಆ ಮಾಡಿದೆ. ಆಮೇಲೆ "ಎಂತ ಕೆಲಸ? ಯಾರ ಹತ್ತಿರ?" ಎಂದು ಕೇಳಿದೆ. ತಂದೆ ಸ್ವಲ್ಪ ತಡವರಿಸಿದರು. "ಕೆಲಸ ಅಲ್ಲಿಗೆ ಹೋದ ಮೇಲೆ ನೋಡುವುದು. ಫ್ರೀ ವೀಸಾ ಉಸ್ತಾದ್" ಎಂದರು.

ಅದೇ ವಾರ ನಮ್ಮ ಜಮಾಅತ್‌ನಿಂದ ಉಮ್ರಾ ತಂಡವೊಂದು ಹೊರಟಿತು. ಅವರೂ ಇಳಿಯುವುದು ಜಿದ್ದಾದಲ್ಲೇ. ಇನ್ನೊಬ್ಬ ಹಳೆಯ ವಿದ್ಯಾರ್ಥಿ, ದುಬೈಯಲ್ಲಿ ಒಳ್ಳೆಯ ಕೆಲಸದಲ್ಲಿರುವವನು, ರಜೆಗೆ ಹೆಂಡತಿ ಮಕ್ಕಳೊಂದಿಗೆ ಜಿದ್ದಾ ನೋಡಲು ಹೋಗಿ ಹಳೇ ಪೇಟೆಯ ಫೋಟೋಗಳನ್ನು ಕಳುಹಿಸಿದ್ದ. ಒಂದೇ ಊರಿನ ಮೂವರು, ಹೋದದ್ದು ಒಂದೇ ಬಂದರು ನಗರಕ್ಕೆ. ಆದರೆ ಅವರಿಗೆ ತೆರೆಯುವ ಬಾಗಿಲು ಮಾತ್ರ ಒಂದೇ ಅಲ್ಲ. ಈ ವಾರ ಇದರ ಬಗ್ಗೆಯೇ ನಾಲ್ಕು ಮಾತು ಹೇಳೋಣ ಎಂದುಕೊಂಡೆ.

ಜಿದ್ದಾ ಪ್ರಯಾಣಿಕರಿಂದಲೇ ಬೆಳೆದ ಊರು. ಹಿಜ್ರಾ 26ರಲ್ಲಿ, ಅಂದರೆ ಕ್ರಿ.ಶ. 647ರಲ್ಲಿ, ಮೂರನೇ ಖಲೀಫ ಉಸ್ಮಾನ್ (ರ) ಅವರು ಮಕ್ಕಾದ ಬಂದರನ್ನು ಶುಐಬದಿಂದ ಇಲ್ಲಿಗೆ ಬದಲಾಯಿಸಿದರು. ಅಲ್ಲಿಂದ ಇಲ್ಲಿಯವರೆಗೆ ಹಾಜಿಗಳು, ವ್ಯಾಪಾರಿಗಳು, ಕೂಲಿಗಳು ಬಂದು ಹೋಗುತ್ತಲೇ ಇದ್ದಾರೆ. ಹೆಸರಿನ ಬಗ್ಗೆಯೂ ಎರಡು ಮಾತು ಉಂಟು. ಕಡಲ ದಡ ಎಂಬ ಅರ್ಥದ 'ಜುದ್ದ' ಎಂದು ಕೆಲವರು, ಹವ್ವಾ (ಅ) ಅವರ ಕಬರ್ ಇಲ್ಲಿದೆ ಎಂಬ ನಂಬಿಕೆಯಿಂದ ಅಜ್ಜಿ ಎಂಬರ್ಥದ 'ಜದ್ದ' ಎಂದು ಕೆಲವರು. ಕುಡಿಯುವ ನೀರಿಗೆ ತತ್ವಾರ, ಬೆಳೆಯಲು ಮಣ್ಣಿಲ್ಲ. 1050ರಲ್ಲಿ ಇಲ್ಲಿಗೆ ಬಂದ ಪರ್ಷಿಯಾದ ನಾಸಿರ್ ಖುಸ್ರೋ ಊರಿನಲ್ಲಿ ಮರಗಿಡವೇ ಇಲ್ಲ ಎಂದು ಬರೆದಿಟ್ಟಿದ್ದಾರೆ. ಅಂಥ ಜಾಗ ದೊಡ್ಡ ನಗರವಾಗಿದ್ದರೆ ಅದಕ್ಕೆ ಕಾರಣ ಹೊರಗಿನಿಂದ ಬಂದವರು. ಹಾಗಾದರೆ ಆ ಹೊರಗಿನವರನ್ನು ಊರು ಹೇಗೆ ನೋಡಿಕೊಂಡಿತು?

1183ರಲ್ಲಿ ಸ್ಪೇನಿನ ಗ್ರನಾಡದಿಂದ ಹೊರಟು ಬಂದ ಇಬ್ನ್ ಜುಬೈರ್ ಅವರ ಅನುಭವ ಕಹಿಯಾದದ್ದು. ಅದಕ್ಕೆ ಮೊದಲು ಕೆಂಪು ಸಮುದ್ರ ದಾಟುವ ಹಾಜಿಗಳಿಂದ ತಲೆಗೆ ಏಳೂವರೆ ದೀನಾರ್ ಸುಂಕ ವಸೂಲಿ ಮಾಡುತ್ತಿದ್ದರು, ಕೊಡಲಾಗದವರನ್ನು ಹಿಂಸಿಸುತ್ತಿದ್ದರು. ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿ ಆ ಸುಂಕ ರದ್ದು ಮಾಡಿ, ಬದಲಿಗೆ ಮಕ್ಕಾದ ಅಮೀರನಿಗೆ ತಾವೇ ಹಣವನ್ನೂ ಗೋಧಿಯನ್ನೂ ಕೊಡುವ ಏರ್ಪಾಡು ಮಾಡಿದರು. ಇಬ್ನ್ ಜುಬೈರ್ ಜಿದ್ದಾ ಮುಟ್ಟುವಾಗ ಆ ಹಣ, ಗೋಧಿ ಬರುವುದು ತಡವಾಗಿತ್ತು. ಹಾಗಾಗಿ ಹಾಜಿಗಳನ್ನು ತಡೆದು, ಒಬ್ಬರಿಗೊಬ್ಬರು ಜಾಮೀನು ನಿಂತರೆ ಮಾತ್ರ ಮುಂದೆ ಬಿಡುತ್ತೇವೆ ಎಂದರು. ದೊಡ್ಡವರ ನಡುವಿನ ಲೆಕ್ಕಾಚಾರಕ್ಕೆ ಹಾಜಿ ಒತ್ತೆಯಾಳಾದ. ದೇವರ ಅತಿಥಿಗಳನ್ನು ಹೀಗೆ ನಡೆಸಿಕೊಂಡವರ ಮೇಲೆ ಅವರು ಸಿಟ್ಟಿನಲ್ಲೇ ಬರೆದಿದ್ದಾರೆ.

ಅವರಿಗಿಂತ ಸುಮಾರು 150 ವರ್ಷ ಆದ ಮೇಲೆ ಇಬ್ನ್ ಬತೂತ ಬಂದರು. ನಮ್ಮ ಕರಾವಳಿಗೂ ಬಂದು ಮಂಗಳೂರಿನ ಬಗ್ಗೆ ಬರೆದ ಅದೇ ಇಬ್ನ್ ಬತೂತ. ಜಿದ್ದಾದ ಜುಮಾ ನಮಾಝ್ ಬಗ್ಗೆ ಅವರು ಒಂದು ಸಣ್ಣ ಸಂಗತಿ ದಾಖಲಿಸಿದ್ದಾರೆ. ಶುಕ್ರವಾರ ಮುಅದ್ದಿನ್ ಮಸೀದಿಗೆ ಬಂದು ಊರಿನವರು ಎಷ್ಟು ಜನ ಇದ್ದಾರೆಂದು ಎಣಿಸುತ್ತಿದ್ದರಂತೆ. ನಲ್ವತ್ತು ಮಂದಿ ಇದ್ದರೆ ಖತೀಬರು ಖುತುಬಾ ಓದಿ ಜುಮಾ ನಡೆಸುವುದು, ಇಲ್ಲದಿದ್ದರೆ ನಾಲ್ಕು ರಕಅತ್ ಝುಹರ್ ಮಾಡಿ ಮುಗಿಸುವುದು. ಪರವೂರಿನವರು ಎಷ್ಟೇ ಜನ ಸಫ್‌ಗಳಲ್ಲಿ ತುಂಬಿದ್ದರೂ ಅವರು ಲೆಕ್ಕಕ್ಕೆ ಇಲ್ಲ.

ನಮ್ಮ ಬ್ಯಾರಿ ಓದುಗರಿಗೆ ಇದು ಹೊಸದಲ್ಲ. ನಾವೂ ಶಾಫಿಈ ಮದ್ಸ್‌ಹಬ್‌ನವರು. ಜುಮಾ ಸಿಂಧುವಾಗಲು ಊರಲ್ಲೇ ಕಾಯಂ ನೆಲೆಸಿದ ನಲ್ವತ್ತು ಮಂದಿ ಬೇಕು ಎಂದು ಮದ್ರಸದಲ್ಲಿ ಮಕ್ಕಳಿಗೂ ಕಲಿಸುತ್ತೇವೆ. ಇದರ ಜೊತೆಗೆ ಇನ್ನೊಂದು ಮಸ್‌ಅಲ ಇದೆ. ಕೆಲಸಕ್ಕೆಂದು ಬಂದು ಪರವೂರಿನಲ್ಲಿ ತಂಗಿದವನು, ಎಂದಾದರೂ ಒಂದು ದಿನ ಊರಿಗೆ ಮರಳುವ ಉದ್ದೇಶ ಇಟ್ಟುಕೊಂಡವನು, ಅವನ ಮೇಲೆ ಜುಮಾ ಕಡ್ಡಾಯ. ಆದರೆ ನಲ್ವತ್ತರ ಲೆಕ್ಕದಲ್ಲಿ ಅವನು ಸೇರುವುದಿಲ್ಲ. ಕರ್ಮಶಾಸ್ತ್ರಕ್ಕೆ ಅದರದ್ದೇ ಕಾರಣಗಳಿವೆ, ಅದು ಇಬಾದತ್‌ನ ವಿಷಯ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಈ ಮಸ್‌ಅಲ ಪಾಠ ಮಾಡುವಾಗಲೆಲ್ಲ ನನಗೆ ಗಲ್ಫಿನಲ್ಲಿರುವ ನಮ್ಮ ಹುಡುಗರ ನೆನಪಾಗುತ್ತದೆ. ಬಾಧ್ಯತೆ ಪೂರ್ತಿ ಇದೆ, ಲೆಕ್ಕದಲ್ಲಿ ಮಾತ್ರ ಅವನಿಲ್ಲ. ನಮಾಝಿನ ಹೊರಗಿನ ಬದುಕಿನಲ್ಲಿ ಹೀಗಾಗಬೇಕು ಎಂದು ಯಾವ ಕಿತಾಬೂ ಹೇಳಿಲ್ಲ. ಅಲ್ಲಿ ಹಾಗಾಗಿಸಿದ್ದು ಮನುಷ್ಯರೇ.

ಹಡಗಿನ ಕಾಲದ ಒಂದು ಕಥೆ ಕೇಳಿ. 1880ರ ಜುಲೈಯಲ್ಲಿ ಸಿಂಗಾಪುರ, ಪಿನಾಂಗ್ ಕಡೆಯಿಂದ ಸಾವಿರಕ್ಕೆ ಹತ್ತಿರ ಹಾಜಿಗಳನ್ನು ಹೊತ್ತು ಹೊರಟ ಹಡಗಿನ ಹೆಸರೂ 'ಜಿದ್ದಾ' ಎಂದೇ. ಆಫ್ರಿಕಾದ ತುದಿಯಲ್ಲಿ ಬಿರುಗಾಳಿಗೆ ಸಿಕ್ಕಿ ಹಡಗಿಗೆ ನೀರು ನುಗ್ಗಿತು. ಕ್ಯಾಪ್ಟನ್ ಮತ್ತು ಯುರೋಪಿಯನ್ ಅಧಿಕಾರಿಗಳು ರಾತ್ರಿ ದೋಣಿ ಇಳಿಸಿಕೊಂಡು ಹಾಜಿಗಳನ್ನು ನಡುಕಡಲಲ್ಲೇ ಬಿಟ್ಟು ಹೋದರು. ಏಡನ್‌ಗೆ ತಲುಪಿ, ಹಡಗು ಮುಳುಗಿತು, ಎಲ್ಲರೂ ಸತ್ತರು ಎಂದು ವರದಿ ಕೊಟ್ಟರು. ಮರುದಿನವೇ ಇನ್ನೊಂದು ಹಡಗು ಆ 'ಜಿದ್ದಾ'ವನ್ನು ಎಳೆದುಕೊಂಡು ಏಡನ್ ಬಂದರಿಗೆ ಬಂತು, ಹಾಜಿಗಳು ಜೀವಂತ ಇದ್ದರು! ಕ್ಯಾಪ್ಟನ್‌ಗೆ ಆದ ಶಿಕ್ಷೆ ಮೂರು ವರ್ಷ ಲೈಸನ್ಸ್ ಅಮಾನತು, ಅಷ್ಟೇ. ಜೋಸೆಫ್ ಕಾನ್ರಾಡ್ ಅವರ 'ಲಾರ್ಡ್ ಜಿಮ್' ಕಾದಂಬರಿಗೆ ಈ ಘಟನೆಯೇ ಮೂಲ. ಆ ಕಾದಂಬರಿ ಓದಿದವರಿಗೆ ಓಡಿಹೋದ ಅಧಿಕಾರಿಯ ಮನಸ್ಸಿನ ಸಂಕಟ ಗೊತ್ತು. ಹಡಗಿನಲ್ಲಿ ಉಳಿದ ಹಾಜಿಗಳ ಹೆಸರು ಯಾರಿಗೂ ಗೊತ್ತಿಲ್ಲ.

ನಮ್ಮ ಅಜ್ಜಂದಿರು ಹಜ್ಜ್‌ಗೆ ಹೋಗುತ್ತಿದ್ದದ್ದು ಮುಂಬೈಯಿಂದ ಹಡಗಿನಲ್ಲಿ. ಮುಸಾಫಿರ್‌ಖಾನದಲ್ಲಿ ದಿನಗಟ್ಟಲೆ ಕಾದು, ಮುಘಲ್ ಲೈನ್ ಹಡಗು ಹತ್ತಿ, ಒಂದು ವಾರಕ್ಕೂ ಮೇಲೆ ಸಮುದ್ರದಲ್ಲಿ ತೇಲಿ ಜಿದ್ದಾ ಮುಟ್ಟುವುದು. 1995ರಲ್ಲಿ ಹಡಗಿನ ಹಜ್ಜ್ ಯಾತ್ರೆ ನಿಂತಿತು. ಹಡಗಿನಲ್ಲಿ ಹೋಗಿ ಬಂದ ಹಿರಿಯರು ಜಿದ್ದಾದ ಬಗ್ಗೆ ಮಾತಾಡುವಾಗ ಊರಿನ ಬೀದಿ, ನೀರು ತಂದು ಕೊಟ್ಟವನು, ರೂಮಿನ ಬಾಡಿಗೆ ಎಲ್ಲವೂ ಬರುತ್ತಿತ್ತು. ಈಗ ಉಮ್ರಾ ಮುಗಿಸಿ ಬಂದವರನ್ನು "ಜಿದ್ದಾ ಹೇಗಿದೆ?" ಎಂದು ಕೇಳಿದರೆ "ಏರ್‌ಪೋರ್ಟ್ ದೊಡ್ಡದುಂಟು" ಎನ್ನುತ್ತಾರೆ. ನನ್ನದೂ ಅದೇ ಅನುಭವ. ವಿಮಾನದಲ್ಲೇ ಇಹ್ರಾಂ, ಇಳಿದ ಮೇಲೆ ಒಂದು ಸಾಲು, ಇನ್ನೊಂದು ಸಾಲು, ಮತ್ತೆ ಬಸ್ಸು. ಜಿದ್ದಾ ಕಂಡದ್ದು ಬಸ್ಸಿನ ಕಿಟಕಿಯಲ್ಲಿ, ಅದೂ ರಾತ್ರಿ.

ಇದು ಮೊದಲನೇ ಬಾಗಿಲು, ಯಾತ್ರಿಕನದ್ದು. ಸೌಲಭ್ಯ ಇಲ್ಲ ಎಂದು ಯಾರೂ ಹೇಳಲಿಕ್ಕಿಲ್ಲ. 1981ರಲ್ಲಿ ತೆರೆದ ಹಜ್ಜ್ ಟರ್ಮಿನಲ್ ಡೇರೆಗಳ ಆಕಾರದ ಬಿಳಿ ಛಾವಣಿಯದ್ದು. ಎ.ಸಿ. ಇಲ್ಲದೆಯೇ ಕೆಳಗೆ ಗಾಳಿ ಆಡುವ ಹಾಗೆ ಕಟ್ಟಿದ್ದಾರೆ. ಅದನ್ನು ರೂಪಿಸಿದವರಲ್ಲಿ ಮುಖ್ಯರು ಢಾಕಾ ಮೂಲದ ಎಂಜಿನಿಯರ್ ಫಝಲುರ್ ರಹ್ಮಾನ್ ಖಾನ್. 2018ರಿಂದ ಹರಮೈನ್ ರೈಲು ಓಡುತ್ತಿದೆ. ಮಕ್ಕಾ, ಜಿದ್ದಾ, ಮದೀನಾಗಳನ್ನು ಜೋಡಿಸುವ ಸುಮಾರು 450 ಕಿ.ಮೀ. ಹಳಿ, ಗಂಟೆಗೆ 300 ಕಿ.ಮೀ. ವೇಗ. ಇಬ್ನ್ ಜುಬೈರ್ ಒಂಟೆಯ ಮೇಲೆ ಹೋದ ದಾರಿಯನ್ನು ಈಗ ಒಂದು ಗಂಟೆಯೊಳಗೆ ಮುಗಿಸಬಹುದು.

ಆದರೆ ಈ ಬಾಗಿಲು ತೆರೆಯುವುದು ಕಾಗದ ಇದ್ದವರಿಗೆ. 2024ರ ಹಜ್ಜ್ ನೆನಪಿರಬಹುದು. ಮಕ್ಕಾದಲ್ಲಿ ತಾಪಮಾನ 51 ಡಿಗ್ರಿ ದಾಟಿತ್ತು. 1,301 ಮಂದಿ ತೀರಿಕೊಂಡರು, ಅವರಲ್ಲಿ ಶೇ. 83ರಷ್ಟು ಜನ ಹಜ್ಜ್ ಪರವಾನಗಿ ಇಲ್ಲದವರು ಎಂದು ಸೌದಿ ಸರಕಾರವೇ ಹೇಳಿತು. ಪರವಾನಗಿ ಇಲ್ಲ ಎಂದರೆ ಎ.ಸಿ. ಡೇರೆ ಇಲ್ಲ, ಬಸ್ಸಿಲ್ಲ, ಬಿಸಿಲಿನಲ್ಲಿ ಮೈಲುಗಟ್ಟಲೆ ನಡಿಗೆ. ಭೇಟಿ ವೀಸಾ ಮಾಡಿಸಿ ಹಜ್ಜ್ ಮಾಡಿಸುತ್ತೇವೆ ಎಂದು ಹಣ ತೆಗೆದುಕೊಂಡ ಏಜೆಂಟರು ಎಷ್ಟೋ ದೇಶಗಳಲ್ಲಿದ್ದರು. ಕೆಲವು ದೇಶಗಳು ಅವರ ಲೈಸನ್ಸ್ ರದ್ದು ಮಾಡಿದವು, ಕೆಲವರನ್ನು ಬಂಧಿಸಿದವು. ಕಾನೂನು ಮುರಿದದ್ದು ತಪ್ಪು, ಅದನ್ನು ಸಮರ್ಥಿಸುವುದು ನನ್ನ ಉದ್ದೇಶ ಅಲ್ಲ. ಆದರೆ ಸತ್ತವರಲ್ಲಿ ಹೆಚ್ಚಿನವರು ಪಟ್ಟಿಯಲ್ಲಿ ಹೆಸರಿಲ್ಲದವರು ಎಂಬುದು ಆಕಸ್ಮಿಕ ಅಲ್ಲ. ನೆರಳು, ನೀರು, ಡಾಕ್ಟರ್ ಎಲ್ಲವನ್ನೂ ಪಟ್ಟಿ ನೋಡಿಯೇ ಇಟ್ಟದ್ದು.

ಎರಡನೇ ಬಾಗಿಲು ಹೊಸದು, ಪ್ರವಾಸಿಯದ್ದು. 2019ರ ಸೆಪ್ಟೆಂಬರ್‌ನಲ್ಲಿ ಸೌದಿ ಅರೇಬಿಯಾ ಟೂರಿಸ್ಟ್ ವೀಸಾ ಶುರು ಮಾಡಿತು. ಜಿದ್ದಾದ ಹಳೇ ಪೇಟೆ 'ಅಲ್ ಬಲದ್' 2014ರಲ್ಲೇ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿತ್ತು. ಹವಳದ ಕಲ್ಲಿನ ಮನೆಗಳು, 'ರೋಶನ್' ಎಂದು ಕರೆಯುವ ಮರದ ಜಾಲಂದ್ರಗಳು, ಕಿರಿದಾದ ಓಣಿಗಳು. ಅಲ್ಲಿಯ ನಸೀಫ್ ಮನೆಯ ಎದುರು ಒಂದು ಬೇವಿನ ಮರ ಇದೆ, ಒಂದು ಕಾಲದಲ್ಲಿ ಇಡೀ ಊರಿಗೆ ಇದ್ದ ಒಂದೇ ಮರ ಎಂದು ಅದನ್ನು ತೋರಿಸುತ್ತಾರೆ. 2021ರಿಂದ ಐಷಾರಾಮಿ ಕ್ರೂಸ್ ಹಡಗುಗಳೂ ಜಿದ್ದಾಕ್ಕೆ ಬರುತ್ತಿವೆ. ಈ ಹಡಗಿನಿಂದ ಇಳಿದವರಿಗೆ ಗೈಡ್ ಉಂಟು, ಖಹ್ವಾ, ಖರ್ಜೂರ ಉಂಟು, ನಗುಮುಖದ ಸ್ವಾಗತ ಉಂಟು. ಹಳೆಯದನ್ನು ಕೆಡವದೆ ರಿಪೇರಿ ಮಾಡಿ ಉಳಿಸುವುದು ಒಳ್ಳೆಯದೇ. ನನ್ನ ವಿದ್ಯಾರ್ಥಿ ಕಳುಹಿಸಿದ ಫೋಟೋಗಳು ನೋಡಲು ಚಂದವೇ ಇದ್ದವು.

ಆದರೆ ಒಂದು ಫೋಟೋದಲ್ಲಿ, ಹಿಂದೆ ಓಣಿ ಗುಡಿಸುತ್ತಿದ್ದ ಕಿತ್ತಳೆ ಬಣ್ಣದ ಬಟ್ಟೆಯವನೊಬ್ಬ ಇದ್ದ. ಅವನು ಬಂದದ್ದು ಮೂರನೇ ಬಾಗಿಲಿನಿಂದ.

ನಮ್ಮವರು ಹೆಚ್ಚಾಗಿ ಹೋಗುವುದು ಆ ಬಾಗಿಲಿನಲ್ಲೇ. ಜಿದ್ದಾದ ಶರಫಿಯ್ಯ ಎಂದರೆ ಸಾಕು, ನಮ್ಮ ಕರಾವಳಿಯ ಅರ್ಧ ಮನೆಗಳಿಗೆ ಅರ್ಥವಾಗುತ್ತದೆ. ಅಲ್ಲಿ ಬ್ಯಾರಿ ಭಾಷೆ ಕೇಳುತ್ತದೆ, ಮಲಯಾಳ ಕೇಳುತ್ತದೆ, ಊರಿನ ಮೀನು ಸಾರು ಸಿಗುತ್ತದೆ. ಬಕಾಲದಲ್ಲಿ, ಹೋಟೆಲಿನಲ್ಲಿ, ಡ್ರೈವರ್ ಕೆಲಸದಲ್ಲಿ ಮೂವತ್ತು ವರ್ಷ ಕಳೆದವರು ನಮ್ಮಲ್ಲಿದ್ದಾರೆ. ನಮ್ಮ ಮಸೀದಿ, ಮದ್ರಸಗಳ ಎಷ್ಟೋ ಕಲ್ಲುಗಳು ಅವರ ರಿಯಾಲಿನವು. ನನ್ನ ಸಂಬಳದ ಒಂದು ಪಾಲೂ ಎಷ್ಟೋ ವರ್ಷ ಅಲ್ಲಿಂದಲೇ ಬಂದದ್ದು, ಅದನ್ನು ಹೇಳಲು ನನಗೆ ಸಂಕೋಚ ಇಲ್ಲ.

ಕಳೆದ ಕೆಲವು ವರ್ಷಗಳಲ್ಲಿ ಈ ಬಾಗಿಲಿಗೆ ಏನಾಯಿತು ನೋಡಿ. 2011ರಲ್ಲಿ ನಿತಾಖತ್ ಬಂತು. 2013ರಲ್ಲಿ ಅದು ಬಿಗಿಯಾದಾಗ ಕಾಗದ ಸರಿ ಇಲ್ಲದ ಸಾವಿರಾರು ಜನ ರಾಯಭಾರ ಕಚೇರಿಗಳ ಎದುರು ಸಾಲು ನಿಂತರು. 2017ರ ಜುಲೈಯಿಂದ ಕುಟುಂಬದ ಮೇಲೆ ಶುಲ್ಕ ಶುರುವಾಯಿತು. ಒಬ್ಬ ಅವಲಂಬಿತನಿಗೆ ತಿಂಗಳಿಗೆ 100 ರಿಯಾಲ್ ಇದ್ದದ್ದು ವರ್ಷ ವರ್ಷ ಏರಿ 2020ಕ್ಕೆ 400 ಆಯಿತು. ಹೆಂಡತಿ ಮತ್ತು ಇಬ್ಬರು ಮಕ್ಕಳು ಎಂದರೆ ವರ್ಷಕ್ಕೆ 14,400 ರಿಯಾಲ್. ಬಕಾಲದವನು ಇದನ್ನು ಎಲ್ಲಿಂದ ತರುವುದು? ಎಷ್ಟೋ ಮಂದಿ ಮನೆಯವರನ್ನು ಊರಿಗೆ ಕಳುಹಿಸಿ ಮತ್ತೆ ಬ್ಯಾಚುಲರ್ ರೂಮಿಗೆ ಮರಳಿದರು. ಜಿದ್ದಾದಲ್ಲಿ ಓದುತ್ತಿದ್ದ ಮಕ್ಕಳು ಆ ವರ್ಷಗಳಲ್ಲಿ ನಮ್ಮ ಮದ್ರಸಕ್ಕೆ ಬಂದು ಸೇರಿದ್ದು ನನಗೆ ಚೆನ್ನಾಗಿ ನೆನಪಿದೆ. ಅರಬಿ ಓದಲು ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ತೆರಿಗೆ ಹಾಕುವುದು ಯಾವುದೇ ಸರಕಾರದ ಹಕ್ಕು. ಆದರೆ ಹೊರೆ ಬಿದ್ದದ್ದು ಯಾರ ತಲೆಗೆ ಎಂದು ನೋಡುವಾಗ ಇಬ್ನ್ ಜುಬೈರ್ ನೆನಪಾಗದೆ ಇರುವುದಿಲ್ಲ.

ಆಮೇಲೆ ಬಂದದ್ದು ಬುಲ್ಡೋಝರ್. 2021ರ ಕೊನೆಯಲ್ಲಿ 75 ಬಿಲಿಯನ್ ರಿಯಾಲ್‌ಗಳ 'ಜಿದ್ದಾ ಸೆಂಟ್ರಲ್' ಯೋಜನೆ ಪ್ರಕಟವಾಯಿತು. ಅದೇ ಹೊತ್ತಿಗೆ ನಗರದ ದಕ್ಷಿಣ ಮತ್ತು ನಡುಭಾಗದ ಹಳೆಯ ಬಡಾವಣೆಗಳನ್ನು ಕೆಡವಲು ಶುರು ಮಾಡಿದರು. ಕ್ರಮ ತಪ್ಪಿ ಬೆಳೆದ ಕೇರಿಗಳು, ಕಳ್ಳತನ, ಡ್ರಗ್ಸ್ ಇದ್ದ ಜಾಗಗಳು ಎಂದು ಸರಕಾರ ಕಾರಣ ಕೊಟ್ಟಿತು. ಅದರಲ್ಲಿ ಸತ್ಯವೂ ಇರಬಹುದು. ಆದರೆ ಅಲ್ಲಿ ಯಮನಿಗಳು, ಆಫ್ರಿಕಾದವರು, ನಮ್ಮ ಉಪಖಂಡದವರು ತಲೆಮಾರುಗಳಿಂದ ಇದ್ದರು. ಹಜ್ಜ್‌ಗೆ ಬಂದು ಅಲ್ಲೇ ಉಳಿದವರ ಮೊಮ್ಮಕ್ಕಳೂ ಇದ್ದರು. 60ಕ್ಕೂ ಹೆಚ್ಚು ಬಡಾವಣೆಗಳ 5 ಲಕ್ಷಕ್ಕೂ ಹೆಚ್ಚು ಜನರಿಗೆ ಇದರ ಬಿಸಿ ತಟ್ಟುತ್ತದೆ, ಪರಿಹಾರದಿಂದ ವಿದೇಶಿಯರನ್ನು ಹೊರಗಿಟ್ಟಿದ್ದಾರೆ ಎಂದು ಆಮ್ನೆಸ್ಟಿ ಇಂಟರ್‌ನ್ಯಾಷನಲ್ 2022ರಲ್ಲಿ ಹೇಳಿತು. ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ 'ತೆರವು' ಎಂದು ಬರೆದರೆ ಮುಗಿಯಿತು, ಬಾಡಿಗೆದಾರ ಬೇರೆ ರೂಮು ಹುಡುಕಬೇಕು. ಆಗ ಬಾಡಿಗೆ ಎಷ್ಟು ಏರಿತು ಎಂದು ಅಲ್ಲಿದ್ದ ನಮ್ಮವರನ್ನೇ ಕೇಳಿ.

ಸುಧಾರಣೆಯೇ ಆಗಿಲ್ಲ ಎಂದರೆ ಸುಳ್ಳಾಗುತ್ತದೆ. 2021ರ ಮಾರ್ಚ್‌ನಿಂದ ಖಾಸಗಿ ಕಂಪೆನಿಗಳ ಕೆಲಸಗಾರರು ಕೆಲವು ಷರತ್ತುಗಳ ಮೇಲೆ ಕಫೀಲನ ಒಪ್ಪಿಗೆ ಇಲ್ಲದೆ ಕೆಲಸ ಬದಲಾಯಿಸಬಹುದು, ಎಕ್ಸಿಟ್ ಪಡೆಯಬಹುದು. ಆದರೆ ಮನೆಕೆಲಸದವರು, ಮನೆ ಡ್ರೈವರ್‌ಗಳು ಆ ಸುಧಾರಣೆಯಿಂದ ಹೊರಗೆ ಉಳಿದರು. ನಮ್ಮ ಕಡೆಯಿಂದ ಹೌಸ್ ಡ್ರೈವರ್ ವೀಸಾದಲ್ಲಿ ಹೋದವರು ಎಷ್ಟು ಮಂದಿ ಎಂದು ಓದುಗರಿಗೇ ಗೊತ್ತುಂಟು.

ಹಾಗಂತ ಈ ಊರಿಗೆ ಪರವೂರಿನವನನ್ನು ಎಣಿಸಲು ಬರುವುದೇ ಇಲ್ಲವೇ? ಬರುತ್ತದೆ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ಭಾರತ 'ಆಪರೇಷನ್ ಕಾವೇರಿ' ನಡೆಸಿತು. ನೌಕಾಪಡೆಯ ಐ.ಎನ್.ಎಸ್. ಸುಮೇಧಾ ಪೋರ್ಟ್ ಸುಡಾನ್‌ನಿಂದ ಮೊದಲ 278 ಮಂದಿಯನ್ನು ಕರೆತಂದದ್ದು ಇದೇ ಜಿದ್ದಾ ಬಂದರಿಗೆ. ಒಟ್ಟು 3,862 ಮಂದಿ ಸುಡಾನ್ ಬಿಟ್ಟು ಪಾರಾದರು. ಅವರಲ್ಲಿ ನಮ್ಮ ರಾಜ್ಯದ ಹಕ್ಕಿಪಿಕ್ಕಿ ಜನರೂ ಇದ್ದರು. ಗಿಡಮೂಲಿಕೆ, ಎಣ್ಣೆ ಮಾರಿ ಬದುಕಲು ಅಷ್ಟು ದೂರ ಹೋದವರು ಅವರು. ಜಿದ್ದಾದ ಭಾರತೀಯ ಶಾಲೆಯಲ್ಲಿ ಅವರಿಗೆಲ್ಲ ಹಾಸಿಗೆ, ಊಟ, ಔಷಧ ಸಿದ್ಧವಾಯಿತು, ಅಲ್ಲಿ ದುಡಿಯುವ ನಮ್ಮ ದೇಶದವರು ನಿಂತು ಸಹಾಯ ಮಾಡಿದರು. ಆ ದಿನಗಳಲ್ಲಿ ಎರಡೂ ಸರಕಾರಗಳು ಒಬ್ಬೊಬ್ಬರನ್ನೂ ಹೆಸರು ಹಿಡಿದು ಎಣಿಸಿದವು. ಯಾರ ಧರ್ಮ ಯಾವುದು, ಕೆಲಸ ಎಂಥದ್ದು ಎಂದು ಕೇಳಲಿಲ್ಲ. ಯುದ್ಧದ ಹೊತ್ತಿಗೆ ಮಾಡಲಾದದ್ದು ಶಾಂತಿಯ ಹೊತ್ತಿನಲ್ಲಿ ಯಾಕೆ ಆಗುವುದಿಲ್ಲ?

ಇನ್ನು ನಮ್ಮ ಮಾತು. ಗಲ್ಫಿನಲ್ಲಿ ನಲ್ವತ್ತರ ಲೆಕ್ಕಕ್ಕೆ ಸೇರದವನು ಊರಿನ ಲೆಕ್ಕದಲ್ಲಾದರೂ ಇದ್ದಾನಾ? ಮದುವೆಗೆ, ಮಸೀದಿ ಕಟ್ಟಲು, ಉರೂಸ್‌ಗೆ ವಂತಿಗೆ ಕೇಳುವಾಗ ನಮಗೆ ಅವನ ನಂಬರ್ ಸಿಗುತ್ತದೆ. ಸಂಬಳ ನಿಂತಾಗ, ಕಫೀಲ್ 'ಹುರೂಬ್' ಹಾಕಿದಾಗ, ಆಸ್ಪತ್ರೆಯಲ್ಲಿ ಮಲಗಿದಾಗ ಅವನು ಯಾವ ರೂಮಿನಲ್ಲಿದ್ದಾನೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಕುರ್‌ಆನ್ ಝಕಾತ್‌ನ ಎಂಟು ಹಕ್ಕುದಾರರಲ್ಲಿ 'ಇಬ್ನುಸ್ಸಬೀಲ್' ಅಂದರೆ ದಾರಿಹೋಕನನ್ನೂ ಸೇರಿಸಿದೆ. ದಾರಿಯಲ್ಲಿ ಸಿಕ್ಕಿಬಿದ್ದವನಿಗೆ ನಮ್ಮ ಸಂಪತ್ತಿನಲ್ಲಿ ಹಕ್ಕು ಉಂಟು ಎಂದಾದರೆ ಅವನ ಹೆಸರು ಬರೆದಿಟ್ಟುಕೊಳ್ಳುವುದು ಅದಕ್ಕಿಂತ ಸುಲಭದ ಕೆಲಸ ಅಲ್ಲವಾ?

ಆದ್ದರಿಂದ ಜಮಾಅತ್‌ಗಳಲ್ಲಿ ನನ್ನ ವಿನಂತಿ. ಪ್ರತಿ ಮೊಹಲ್ಲಾದಲ್ಲಿ ಹೊರದೇಶಕ್ಕೆ ಹೋದವರ ಒಂದು ಪುಸ್ತಕ ಇಡಿ: ಪಾಸ್‌ಪೋರ್ಟ್ ನಂಬರ್, ಕಫೀಲನ ಹೆಸರು, ಇರುವ ಜಾಗ, ಹತ್ತಿರದ ಒಬ್ಬನ ಫೋನ್. ಹೊರಡುವ ಮೊದಲು ಕೆಲಸದ ಕರಾರು ಪತ್ರ ಕೈಯಲ್ಲಿ ಇದೆಯಾ ಎಂದು ನೋಡಿ. ಹತ್ತನೇ ತರಗತಿ ಮುಗಿಸದವರ ಪಾಸ್‌ಪೋರ್ಟ್ ಇ.ಸಿ.ಆರ್. ವರ್ಗದ್ದು, ಅವರು ಇ-ಮೈಗ್ರೇಟ್ ಮೂಲಕವೇ ಹೋಗಬೇಕು. ಹಾಗೆ ಹೋದರೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ 10 ಲಕ್ಷ ರೂಪಾಯಿಯ ಅಪಘಾತ ವಿಮೆ ಇರುತ್ತದೆ. ಕಷ್ಟ ಬಂದರೆ ವಿದೇಶಾಂಗ ಇಲಾಖೆಯ 'ಮದದ್' ಪೋರ್ಟಲ್‌ನಲ್ಲಿ ದೂರು ಹಾಕಬಹುದು, ಕಾನ್ಸುಲೇಟ್‌ನ ಸಮುದಾಯ ಕ್ಷೇಮ ನಿಧಿಯಿಂದ ನೆರವು ಕೇಳಬಹುದು. ಇದನ್ನೆಲ್ಲ ವರ್ಷಕ್ಕೊಮ್ಮೆ ಜುಮಾ ಆದ ಮೇಲೆ ಹತ್ತು ನಿಮಿಷ ಹೇಳಿದರೆ ಸಾಕು. ಹಾಗೆಯೇ 'ಫ್ರೀ ವೀಸಾ' ಎಂಬ ಮಾತನ್ನು ನಂಬಬೇಡಿ. ಕಾನೂನಿನಲ್ಲಿ ಆ ಹೆಸರಿನ ವೀಸಾವೇ ಇಲ್ಲ. ಒಬ್ಬನ ಹೆಸರಿನಲ್ಲಿ ಹೋಗಿ ಇನ್ನೊಬ್ಬನ ಹತ್ತಿರ ದುಡಿಯುವವನು ಮೊದಲ ದಿನದಿಂದಲೇ ಪಟ್ಟಿಯ ಹೊರಗೆ.

ಇನ್ನೊಂದು ಮಾತನ್ನೂ ಹೇಳಬೇಕು. ಮಂಗಳೂರು ಕೂಡ ಬಂದರು ನಗರವೇ. ದಕ್ಕೆಯಲ್ಲಿ ಮೀನಿನ ಬುಟ್ಟಿ ಹೊರುವವರು, ಕಟ್ಟಡದ ಕೆಲಸದವರು ಈಗ ಹೆಚ್ಚಾಗಿ ಬಿಹಾರ, ಬಂಗಾಳ, ಜಾರ್ಖಂಡ್ ಕಡೆಯವರು. ಅವರಲ್ಲಿ ಕೆಲವರು ಶುಕ್ರವಾರ ನಮ್ಮ ಮಸೀದಿಯ ಕೊನೆಯ ಸಫ್‌ನಲ್ಲಿ ನಿಂತು, ಸಲಾಂ ಕೊಟ್ಟ ಕೂಡಲೇ ಕೆಲಸಕ್ಕೆ ಓಡುತ್ತಾರೆ. ನಮ್ಮ ಹುಡುಗನನ್ನು ಜಿದ್ದಾದಲ್ಲಿ ಯಾರಾದರೂ ಹೆಸರು ಹಿಡಿದು ಕರೆಯಲಿ ಎಂದು ನಾವು ಆಸೆ ಪಡುತ್ತೇವೆ. ಇವರಲ್ಲಿ ಒಬ್ಬನ ಹೆಸರಾದರೂ ನಮಗೆ ಗೊತ್ತುಂಟಾ? ನನಗೆ ಗೊತ್ತಿರಲಿಲ್ಲ. ಕಳೆದ ಶುಕ್ರವಾರ ಇಬ್ಬರನ್ನು ನಿಲ್ಲಿಸಿ ಕೇಳಿದೆ.

ಆ ತಂದೆಗೆ ಅಂದು ನಾನು ಹೇಳಿದ್ದು ಇಷ್ಟೇ: "ವೀಸಾದ ಕಾಗದ ಒಮ್ಮೆ ತನ್ನಿ, ಓದಿ ನೋಡುವ. ಕೆಲಸ, ಸಂಬಳ ಬರೆದ ಕರಾರು ಬರುವವರೆಗೆ ಟಿಕೆಟ್ ಮಾಡಬೇಡಿ." ಅವರಿಗೆ ಸ್ವಲ್ಪ ಬೇಸರವಾದ ಹಾಗೆ ಕಂಡಿತು. ಏಜೆಂಟ್‌ಗೆ ಆಗಲೇ ಹಣ ಕೊಟ್ಟಾಗಿತ್ತಂತೆ. ಆದರೂ ಸಂಜೆ ಮಗನನ್ನೇ ಕಾಗದದೊಂದಿಗೆ ಕಳುಹಿಸಿದರು. ಮದ್ರಸದ ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿ ಅವನ ಹೆಸರು, ಪಾಸ್‌ಪೋರ್ಟ್ ನಂಬರ್ ಬರೆದುಕೊಂಡಿದ್ದೇನೆ. ಕಫೀಲನ ಹೆಸರಿನ ಜಾಗ ಇನ್ನೂ ಖಾಲಿ ಉಂಟು.